ಘಾಟು ಮತ್ತು ಪಥ್ಯ: ಕುಡಿತ, ಹೊಗೆಸೊಪ್ಪು ಹಾಗೂ ವೈರಾಣು ರೋಗಗಳನ್ನು ಕುರಿತ ಒಂದು ವಿವೇಚನೆ

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆ, ಮಂತ್ರ, ಹರಕೆ, ಸೂಲಗಿತ್ತಿಯರ ಜ್ಞಾನ ಮೊದಲಾದವುಗಳ ಸುತ್ತ ನಡೆದಿವೆ. ಹೆಂಡ, ಸಾರಾಯಿ, ಬೀಡಿ, ಹೊಗೆಸೊಪ್ಪುಗಳ ಪ್ರಸ್ತಾಪ ಈ ಅಧ್ಯಯನಗಳಲ್ಲಿ ಇಲ್ಲವೆಂದಲ್ಲ. ಆದರೆ ಅವು ಅಲ್ಲಿ ಕಾಣಿಸಿಕೊಳ್ಳುವುದು ದೈವಕ್ಕೆ ಸಲ್ಲುವ ಎಡೆಯಾಗಿ, ಅತಿಥಿ ಸತ್ಕಾರದ ವಸ್ತುವಾಗಿ, ದುಡಿದು ಬಂದವರ ದಣಿವಾರಿಸುವ ಸಾಧನವಾಗಿ. ಅವುಗಳಿಗೆ ಒಳಗಾದ ದೇಹವು ಅಂಟುರೋಗವೊಂದನ್ನು ಎದುರಿಸಬೇಕಾಗಿ ಬಂದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಜಾನಪದ ವಿದ್ವಾಂಸರು ವೈದ್ಯರಿಗೆ ಬಿಟ್ಟುಕೊಟ್ಟು ಸುಮ್ಮನಿದ್ದೇವೆ. 2020 ಮತ್ತು 2021ರ ಕೋವಿಡ್ ಪಿಡುಗು ಈ ಮೌನವನ್ನು ಮರುಪರಿಶೀಲಿಸುವಂತೆ ಮಾಡಿತು.

ಈ ಲೇಖನಕ್ಕೆ ಪ್ರೇರಣೆಯಾದ ಸಂಗತಿಯೊಂದನ್ನು ಮೊದಲಿಗೆ ಹೇಳಬೇಕು. ಹಳೆ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇರುಳಿಡೀ ಕಥನಕಾವ್ಯ ಹಾಡಬಲ್ಲ ಹಿರಿಯ ವಕ್ತೃವೊಬ್ಬರಿದ್ದರು. ನನ್ನ ಸಂಶೋಧನೆಯ ದಿನಗಳಲ್ಲಿ ಅವರಿಂದ ಅನೇಕ ರಾತ್ರಿಗಳ ಹಾಡುಗಾರಿಕೆಯನ್ನು ಧ್ವನಿಮುದ್ರಿಸಿಕೊಂಡಿದ್ದೇನೆ. 2020ರ ಬೇಸಿಗೆಯಲ್ಲಿ ದೂರವಾಣಿಯಲ್ಲಿ ಅವರ ಯೋಗಕ್ಷೇಮ ವಿಚಾರಿಸಿದಾಗ, ‘ಎಣ್ಣೆ ಬಿದ್ದ ಮೈ ಮೇಷ್ಟ್ರೇ ಇದು, ಕೊರೊನಾ ನಮ್ಮ ಹತ್ರ ಬರಲ್ಲ’ ಎಂದು ನಕ್ಕರು. ಮರುವರ್ಷದ ಮೇ ತಿಂಗಳಲ್ಲಿ ಅದೇ ಸೋಂಕಿನಿಂದ ಅವರು ತೀರಿಕೊಂಡರು. ಅವರ ಸಾವಿಗೆ ಕುಡಿತವೇ ಕಾರಣ, ಬೀಡಿಯೇ ಕಾರಣ ಎಂದು ನಾನು ಹೇಳಲಾರೆ. ಆ ತಿಂಗಳಲ್ಲಿ ಒಂದು ದಿನವೂ ಬೀಡಿ ಮುಟ್ಟದವರು, ಒಂದು ಹನಿಯೂ ಕುಡಿಯದವರು ಸಹ ಸಾವಿಗೀಡಾಗಿದ್ದಾರೆ. ಒಬ್ಬ ವ್ಯಕ್ತಿಯ ಸಾವಿನಿಂದ ಸಾಮಾನ್ಯ ತೀರ್ಮಾನವೊಂದನ್ನು ಹೊರಡಿಸುವುದು ಶಾಸ್ತ್ರವಲ್ಲ. ಆದರೆ ಅವರು ಆಡಿದ ಮಾತು ಅವರೊಬ್ಬರದಾಗಿರಲಿಲ್ಲ. ಅದು ಊರೂರಿನಲ್ಲಿ ಕೇಳಿಬರುತ್ತಿದ್ದ ನಂಬಿಕೆಯಾಗಿತ್ತು. ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದು ಸಾಧ್ಯ ಮತ್ತು ಅಗತ್ಯ.

1. ನಂಬಿಕೆಯ ನೆಲೆಗಳು

‘ಕುಡಿಯುವವನಿಗೆ ಸೋಂಕು ತಗಲದು’ ಎಂಬ ನಂಬಿಕೆಗೆ ಮೂರು ಬೇರುಗಳನ್ನು ಗುರುತಿಸಬಹುದು.

ಮೊದಲನೆಯದು ಉಷ್ಣ ಮತ್ತು ಶೀತಗಳ ಕಲ್ಪನೆ. ನಮ್ಮ ಜನಪದರು ಆಹಾರವನ್ನೂ ರೋಗವನ್ನೂ ಉಷ್ಣ, ಶೀತ ಎಂದು ವಿಂಗಡಿಸುತ್ತಾರೆ. ನೆಗಡಿ, ಕೆಮ್ಮು, ಕಫ ಇವು ಶೀತದಿಂದ ಬಂದವು. ಮದ್ಯ ಉಷ್ಣ ಪದಾರ್ಥ. ಆದುದರಿಂದ ಶೀತಕ್ಕೆ ಮದ್ಯ ಮದ್ದು ಎಂಬುದು ಇಲ್ಲಿನ ತರ್ಕ. ಮಗುವಿಗೆ ಶೀತವಾದಾಗ ಎದೆಗೆ ಬ್ರಾಂದಿ ಸವರುವ, ಎರಡು ಹನಿ ನಾಲಿಗೆಗೆ ಬಿಡುವ ರೂಢಿ ಇಂದಿಗೂ ಪೂರ್ತಿ ಮರೆಯಾಗಿಲ್ಲ. ಮದ್ಯ ಕುಡಿದಾಗ ಮೈ ಬೆಚ್ಚಗಾದಂತೆ ತೋರುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ಆ ಬಿಸುಪು ದೇಹ ಕಳೆದುಕೊಳ್ಳುತ್ತಿರುವ ಶಾಖವೇ ಹೊರತು ಗಳಿಸುತ್ತಿರುವುದಲ್ಲ.

ಎರಡನೆಯದು ಮಾರಿಯ ಆರಾಧನೆ. ಪಿಡುಗಿನ ಅಧಿದೇವತೆಯಾದ ಮಾರಿಗೆ ಅನೇಕ ಕಡೆ ಹೆಂಡ ಅಥವಾ ಸಾರಾಯಿಯ ಎಡೆ ಸಲ್ಲುತ್ತದೆ. ದೇವತೆಯನ್ನು ತಣಿಸುವ ವಸ್ತು ಭಕ್ತನನ್ನೂ ಕಾಯುತ್ತದೆ ಎಂಬ ಭಾವನೆ ಇದರಿಂದ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಮೂರನೆಯದು ಇತ್ತೀಚಿನದು. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್‌ನಲ್ಲಿ ಮದ್ಯಸಾರವಿದೆ, ಅದು ವೈರಾಣುವನ್ನು ಕೊಲ್ಲುತ್ತದೆ ಎಂಬ ತಿಳಿವಳಿಕೆ 2020ರಲ್ಲಿ ಮನೆಮನೆಗೂ ತಲುಪಿತು. ಕೈಯಲ್ಲಿ ಕೊಲ್ಲುವುದು ಹೊಟ್ಟೆಯಲ್ಲೂ ಕೊಲ್ಲದೇ ಎಂಬ ಊಹೆ ಅದರ ಹಿಂದೆಯೇ ಬಂದಿತು.

ಇಂಥ ಊಹೆ ನಮ್ಮ ನಾಡಿಗೆ ಸೀಮಿತವಾದುದಲ್ಲ. ಅಮೆರಿಕದ ವೈದ್ಯರ ಸಂಘವು 1917ರಲ್ಲಿ ಮದ್ಯಕ್ಕೆ ಔಷಧೀಯ ಮೌಲ್ಯವಿಲ್ಲವೆಂದು ನಿರ್ಣಯ ಕೈಗೊಂಡಿತ್ತು. ಆದರೂ ಮರುವರ್ಷ ಇನ್‌ಫ್ಲುಯೆಂಜಾ ಪಿಡುಗು ಎರಗಿದಾಗ ಅಲ್ಲಿನ ಜನ ವಿಸ್ಕಿಯನ್ನು ಮದ್ದೆಂದು ಹುಡುಕಿಕೊಂಡು ಹೋದರು. ಬರೆದುಕೊಟ್ಟ ವೈದ್ಯರೂ ಇದ್ದರು. 2020ರ ಆರಂಭದಲ್ಲಿ ಇರಾನಿನಲ್ಲಿ ಮದ್ಯದಿಂದ ಕೊರೊನಾ ದೂರವಾಗುತ್ತದೆಂಬ ವದಂತಿ ಹರಡಿತು. ಮದ್ಯ ನಿಷೇಧವಿರುವ ಆ ದೇಶದಲ್ಲಿ ಜನ ಕಳ್ಳಬಟ್ಟಿಯ ಹೆಸರಿನಲ್ಲಿ ಮೆಥನಾಲ್ ಎಂಬ ವಿಷವನ್ನು ಕುಡಿದರು. ಅಲ್ಲಿನ ಅಧಿಕಾರಿಗಳ ಲೆಕ್ಕದಂತೆಯೇ ಕೆಲವೇ ವಾರಗಳಲ್ಲಿ 700ಕ್ಕೂ ಹೆಚ್ಚು ಮಂದಿ ಸತ್ತರು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿಯು 2020ರ ಏಪ್ರಿಲ್‌ನಲ್ಲಿ, ಮದ್ಯವು ಕೋವಿಡ್‌ನಿಂದ ರಕ್ಷಿಸುವುದಿಲ್ಲವೆಂದು ಪ್ರತ್ಯೇಕವಾಗಿ ಪ್ರಕಟಿಸಬೇಕಾಯಿತು.

2. ಅಮ್ಮ ಇರುವ ಮನೆಯ ಕಟ್ಟಳೆ

ಇಷ್ಟನ್ನು ನೋಡಿ, ‘ಜನಪದ ನಂಬಿಕೆ ತಪ್ಪು, ವಿಜ್ಞಾನ ಸರಿ’ ಎಂದು ಷರಾ ಬರೆದು ಮುಗಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಜನಪದರ ಇನ್ನೊಂದು ಮಾತನ್ನು ಕೇಳಿಸಿಕೊಳ್ಳದೆ ಹೋದಂತಾಗುತ್ತದೆ.

ಸಿಡುಬು, ದಡಾರ, ಸೀತಾಳೆ ಸಿಡುಬುಗಳು ವೈರಾಣುಗಳಿಂದ ಬರುವ ರೋಗಗಳು. ಸಿಡುಬು ನಮ್ಮ ದೇಶದಲ್ಲಿ 1975ರಲ್ಲಿ ಕೊನೆಗಂಡಿತು. 1980ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಈ ರೋಗಗಳು ಬಂದ ಮನೆಯನ್ನು ನಮ್ಮ ಜನ ‘ಅಮ್ಮ ಬಂದ ಮನೆ’ ಎನ್ನುತ್ತಾರೆ. ಅಂಥ ಮನೆಯ ಕಟ್ಟಳೆಗಳು ಪ್ರಸಿದ್ಧವಾಗಿವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಜಾತ್ರೆ, ಮದುವೆಗಳಿಗೆ ಹೋಗುವಂತಿಲ್ಲ. ರೋಗಿಗೆ ಅಂಬಲಿ, ಮಜ್ಜಿಗೆ, ಎಳನೀರಿನಂಥ ತಂಪು ಆಹಾರ. ಮನೆಯಲ್ಲಿ ಮಾಂಸ ಬೇಯುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ.

ಈ ಕಟ್ಟಳೆಗಳ ಬಗ್ಗೆ ಕೇಳಿದಾಗ ವೃದ್ಧೆಯೊಬ್ಬರು ನನಗೆ ಕೊಟ್ಟ ವಿವರಣೆ ಒಂದೇ ಪದದಲ್ಲಿತ್ತು. ‘ಅಮ್ಮನಿಗೆ ಘಾಟು ಆಗದು ಕಣಪ್ಪಾ’ ಎಂದರು ಅವರು. ಒಗ್ಗರಣೆಯ ಘಾಟು, ಮೆಣಸಿನಕಾಯಿಯ ಘಾಟು ಮಾತ್ರವಲ್ಲ. ಬೀಡಿಯ ಹೊಗೆ, ಕುಡಿದು ಬಂದವನ ಬಾಯಿಯ ವಾಸನೆ ಇವೆಲ್ಲ ಅವರ ಲೆಕ್ಕದಲ್ಲಿ ಘಾಟುಗಳೇ. ಮನೆಯ ಗಂಡಸು ಕುಡಿದು ಬಂದರೆ ಹೊರಗಿನ ಜಗಲಿಯ ಮೇಲೆಯೇ ಮಲಗಬೇಕು. ಹಾಗಾದರೆ ಮಾರಿಗೆ ಹೆಂಡ ಏಕೆ ಕೊಡುತ್ತೀರಿ ಎಂದು ಕೇಳಿದೆ. ‘ಅದು ಊರಾಚೆ, ಕಳಿಸಿಕೊಡುವಾಗ. ಮನೆ ಒಳಗೆ ಯಾರು ಕೊಡ್ತಾರೆ?’ ಎಂದು ಅವರು ನನ್ನ ತಿಳಿಗೇಡಿತನಕ್ಕೆ ನಕ್ಕರು.

ಈ ಉತ್ತರ ಬಹಳ ಮುಖ್ಯವಾದುದು. ಮದ್ಯಕ್ಕೆ ಇಲ್ಲಿ ಎರಡು ಸ್ಥಾನಗಳಿವೆ. ಊರ ಗಡಿಯಲ್ಲಿ ಅದು ದೈವವನ್ನು ಬೀಳ್ಕೊಡುವ ಎಡೆ. ರೋಗಿಯ ಮನೆಯಲ್ಲಿ ಅದು ನಿಷಿದ್ಧ. ಗಡಿಯ ಆಚರಣೆಯನ್ನು ಒಳಮನೆಯ ಔಷಧವೆಂದು ತಿಳಿಯುವುದು ಪರಂಪರೆಯನ್ನೇ ತಪ್ಪಾಗಿ ಓದಿದಂತೆ. ‘ಎಣ್ಣೆ ಬಿದ್ದ ಮೈಗೆ ರೋಗ ಬರದು’ ಎಂಬುದು ಹೆಂಡದಂಗಡಿಯ ಜಂಬ. ‘ಅಮ್ಮನಿಗೆ ಘಾಟು ಆಗದು’ ಎಂಬುದು ರೋಗಿಯ ಆರೈಕೆ ಮಾಡಿದವರ ಅನುಭವ. ಎರಡೂ ಜನಪದವೇ. ಆದರೆ ಎರಡರಲ್ಲಿ ಯಾವುದನ್ನು ಇಂದಿನ ವೈದ್ಯವಿಜ್ಞಾನ ಎತ್ತಿಹಿಡಿಯುತ್ತದೆ ಎಂಬುದನ್ನು ಈಗ ನೋಡಬಹುದು.

3. ಮದ್ಯ ಮತ್ತು ದೇಹದ ಕಾವಲು

ಸ್ಯಾನಿಟೈಸರ್‌ನ ಹೋಲಿಕೆಯಿಂದಲೇ ಆರಂಭಿಸೋಣ. ಕೊರೊನಾದಂಥ ವೈರಾಣುವಿಗೆ ಕೊಬ್ಬಿನ ಹೊರಕವಚವಿರುತ್ತದೆ. ಅದನ್ನು ಒಡೆಯಲು ದ್ರಾವಣದಲ್ಲಿ ಶೇ. 60ಕ್ಕಿಂತ ಹೆಚ್ಚು ಮದ್ಯಸಾರವಿರಬೇಕು. ಅಂಗಡಿಯಲ್ಲಿ ದೊರೆಯುವ ವಿಸ್ಕಿ, ಬ್ರಾಂದಿಗಳಲ್ಲಿ ಇರುವುದು ಸಾಮಾನ್ಯವಾಗಿ ಶೇ. 42.8. ಅದು ಹೊಟ್ಟೆ ಸೇರಿ ರಕ್ತದಲ್ಲಿ ಬೆರೆತಾಗ ಎಷ್ಟಾಗುತ್ತದೆ? ವಾಹನ ಚಾಲಕರಿಗೆ ನಮ್ಮ ಕಾನೂನು ವಿಧಿಸಿರುವ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಂದರೆ ಶೇ. 0.03. ಈ ಪ್ರಮಾಣ ಶೇ. 0.4ನ್ನು ತಲುಪಿದರೆ ಉಸಿರಾಟವೇ ನಿಲ್ಲುವ ಅಪಾಯವಿದೆ. ಹೀಗಾಗಿ ವೈರಾಣುವನ್ನು ಕೊಲ್ಲುವ ಪ್ರಮಾಣವನ್ನು ರಕ್ತ ಮುಟ್ಟುವ ಬಹು ಮೊದಲೇ ಮನುಷ್ಯ ಸತ್ತಿರುತ್ತಾನೆ. ಕೈಯ ನಿಯಮ ಹೊಟ್ಟೆಗೆ ಅನ್ವಯಿಸುವುದಿಲ್ಲ.

ಮದ್ಯವು ವೈರಾಣುವನ್ನು ಕೊಲ್ಲುವುದಿಲ್ಲವೆಂಬುದಷ್ಟೇ ಅಲ್ಲ, ನಿತ್ಯದ ಅತಿಯಾದ ಕುಡಿತ ದೇಹದ ಕಾವಲನ್ನು ಹಂತಹಂತವಾಗಿ ಸಡಿಲಿಸುತ್ತದೆ. ಉಸಿರಿನ ಜೊತೆ ಒಳಬರುವ ಕಸವನ್ನು, ಸೂಕ್ಷ್ಮಾಣುಗಳನ್ನು ಶ್ವಾಸನಾಳದ ಸೂಕ್ಷ್ಮ ರೋಮಗಳು ಎಡೆಬಿಡದೆ ಮೇಲಕ್ಕೆ ತಳ್ಳುತ್ತಿರುತ್ತವೆ. ಬಹುಕಾಲದ ಕುಡಿತದಿಂದ ಅವುಗಳ ಚಲನೆ ಮಂದವಾಗುತ್ತದೆ. ಅಮಲಿನಲ್ಲಿ ಮಲಗಿದವನಿಗೆ ಕೆಮ್ಮುವ ಸಹಜ ಪ್ರತಿಕ್ರಿಯೆಯೂ ಕುಗ್ಗುವುದರಿಂದ ಬಾಯಿಯ ದ್ರವ ಶ್ವಾಸಕೋಶಕ್ಕೆ ಇಳಿಯುವ ಸಂಭವ ಹೆಚ್ಚು. ಶ್ವಾಸಕೋಶದ ಗಾಳಿಚೀಲಗಳಲ್ಲಿ ಕಾವಲಿರುವ ಭಕ್ಷಕ ಕೋಶಗಳು ದುರ್ಬಲವಾಗುತ್ತವೆ. ಅಲ್ಲಿನ ಒಳಪದರವನ್ನು ಕಾಪಾಡುವ ಗ್ಲುಟಾಥಯೋನ್ ಎಂಬ ವಸ್ತು ಬರಿದಾಗುತ್ತದೆ. ಕರುಳಿನ ಒಳಗೋಡೆ ಜಿನುಗತೊಡಗಿ ಅಲ್ಲಿನ ಸೂಕ್ಷ್ಮಾಣುಗಳ ವಿಷಾಂಶ ರಕ್ತಕ್ಕೆ ಸೇರುತ್ತದೆ. ಇದರಿಂದ ಮೈಯಲ್ಲಿ ಸದಾ ಉರಿಯೂತವಿರುತ್ತದೆ; ಆದರೆ ನಿಜವಾದ ಶತ್ರು ಬಂದಾಗ ಎದುರಿಸುವ ಶಕ್ತಿ ಕಡಿಮೆಯಾಗಿರುತ್ತದೆ. ಊಟ ಬಿಟ್ಟು ಕುಡಿಯುವವರಲ್ಲಿ ಪೋಷಕಾಂಶಗಳ ಕೊರತೆಯೂ ಇದರೊಂದಿಗೆ ಕೂಡಿಕೊಳ್ಳುತ್ತದೆ.

ಇದರ ಪರಿಣಾಮವನ್ನು ಅಮೆರಿಕದಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಪಷ್ಟವಾಗಿ ತೋರಿಸಿತು. ತೀವ್ರ ಸೋಂಕು, ಗಾಯ ಮೊದಲಾದ ಕಾರಣಗಳಿಂದ ಆಸ್ಪತ್ರೆ ಸೇರಿದ 351 ಗಂಭೀರ ರೋಗಿಗಳನ್ನು ಅಲ್ಲಿ ಗಮನಿಸಲಾಗಿತ್ತು. ಗಾಳಿಚೀಲಗಳಲ್ಲಿ ನೀರು ತುಂಬಿ ಉಸಿರಾಟ ಕುಸಿಯುವ ಸ್ಥಿತಿಗೆ ತಲುಪಿದವರು ಕುಡಿತದ ಚಟವಿಲ್ಲದವರಲ್ಲಿ ಶೇ. 22, ಚಟವಿದ್ದವರಲ್ಲಿ ಶೇ. 43. ಇದು ಕೋವಿಡ್‌ಗಿಂತ ಬಹಳ ಹಿಂದಿನ ಅಧ್ಯಯನ. ಆದರೆ ಕೋವಿಡ್‌ನಲ್ಲಿ ಬಹುಪಾಲು ಜನರನ್ನು ಕೊಂದದ್ದು ಇದೇ ಬಗೆಯ ಉಸಿರಾಟದ ಕುಸಿತ ಎಂಬುದು ಗಮನಾರ್ಹ.

ಯಕೃತ್ತಿನ ವೈರಾಣುಗಳ ವಿಷಯದಲ್ಲಿ ಮಾತು ಇನ್ನೂ ನೇರವಾಗಿದೆ. ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳು ಯಕೃತ್ತಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಉಳಿಯಬಲ್ಲವು. ಅಂಥವರು ಕುಡಿತವನ್ನೂ ಮುಂದುವರಿಸಿದರೆ ಎರಡು ಹಾನಿಗಳು ಒಂದೇ ಅಂಗದ ಮೇಲೆ ಬಿದ್ದು ಯಕೃತ್ತು ಗಟ್ಟಿಯಾಗುವ ಸಿರೋಸಿಸ್ ಬೇಗ ಬರುತ್ತದೆ. ‘ಕಾಮಾಲೆಗೆ ಪಥ್ಯವೇ ಮದ್ದು’ ಎನ್ನುವ ನಾಟಿ ವೈದ್ಯರು ಮೊದಲು ಬಿಡಿಸುವುದು ಕುಡಿತವನ್ನೇ ಎಂಬುದನ್ನು ಇಲ್ಲಿ ನೆನೆಯಬಹುದು.

ಇದಕ್ಕೆ ಹೊರತಾದಂತೆ ಕಾಣುವ ಒಂದು ಫಲಿತಾಂಶವನ್ನು ಮುಚ್ಚಿಡುವುದು ಸರಿಯಲ್ಲ. 1993ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 391 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಾಣುಗಳನ್ನು ಬಿಡಲಾಯಿತು. ಬೀಡಿ, ಸಿಗರೇಟು ಸೇದದವರ ಪೈಕಿ ಮಿತವಾಗಿ ಕುಡಿಯುವವರಿಗೆ ನೆಗಡಿ ಸ್ವಲ್ಪ ಕಡಿಮೆ ಕಾಣಿಸಿಕೊಂಡಿತು. ಆದರೆ ಸೇದುವವರಿಗೆ ಈ ಲಾಭ ಸಿಗಲಿಲ್ಲ; ಅವರಲ್ಲಿ ಸೋಂಕೂ ನೆಗಡಿಯೂ ಹೆಚ್ಚಾಗಿದ್ದವು. ಆರೋಗ್ಯವಂತರ ಸಾಮಾನ್ಯ ನೆಗಡಿಯ ವಿಷಯದಲ್ಲಿ ಕಂಡ ಈ ಫಲಿತಾಂಶವನ್ನು ವ್ಯಸನಿಗಳ ಪ್ರಾಣಾಂತಿಕ ಸೋಂಕಿಗೆ ಹೊಂದಿಸಲಾಗದು. ‘ಮಿತ’ ಎಂಬ ಮಾತು ವ್ಯಸನದಲ್ಲಿ ಮೊದಲು ಸೋಲುವ ಮಾತು.

4. ಹೊಗೆಸೊಪ್ಪಿನ ಪ್ರಶ್ನೆ

ಹೊಗೆಸೊಪ್ಪಿನಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಮನಸ್ಸನ್ನು ಕಟ್ಟಿಹಾಕುವುದು ಅದರಲ್ಲಿರುವ ನಿಕೋಟಿನ್. ಶ್ವಾಸಕೋಶವನ್ನು ಸುಡುವುದು ಮುಖ್ಯವಾಗಿ ಅದರ ಹೊಗೆ. ನಿಕೋಟಿನ್ ಬೇಕೆಂದು ಮೆದುಳು ಗಂಟೆಗೊಮ್ಮೆ ಕೇಳುತ್ತದೆ. ಅದನ್ನು ತಲುಪಿಸುವ ಹೊಗೆ ಪ್ರತಿಬಾರಿಯೂ ಶ್ವಾಸನಾಳದ ರೋಮಗಳನ್ನು ಜಡಗೊಳಿಸುತ್ತದೆ, ಕಫವನ್ನು ಹೆಚ್ಚಿಸುತ್ತದೆ, ಗಾಳಿಚೀಲಗಳನ್ನು ಹಾಳುಮಾಡುತ್ತದೆ. ‘ಬೀಡಿ ಕೆಮ್ಮು’ ಎಂದು ನಮ್ಮ ಹಳ್ಳಿಗಳಲ್ಲಿ ಹಗುರವಾಗಿ ಕರೆಯುವುದು ಈ ಹಾನಿಯ ಸದ್ದನ್ನೇ. ದೀರ್ಘಕಾಲದ ಶ್ವಾಸಕೋಶ ರೋಗ, ಹೃದ್ರೋಗಗಳಿಗೂ ಇದೇ ದಾರಿ. ಈ ಎರಡೂ ಇದ್ದವರಿಗೆ ವೈರಾಣು ಸೋಂಕು ಮಾರಕವಾಗುವ ಸಂಭವ ಹೆಚ್ಚು.

ಇನ್‌ಫ್ಲುಯೆಂಜಾದ ವಿಷಯದಲ್ಲಿ ಇದು ಬಹು ಹಿಂದೆಯೇ ಖಚಿತವಾಗಿತ್ತು. 1978ರಲ್ಲಿ ಇಸ್ರೇಲಿನ ಸೇನಾ ತುಕಡಿಯೊಂದರಲ್ಲಿ ಈ ಜ್ವರ ಹರಡಿದಾಗ 336 ಯುವಕರನ್ನು ಅಧ್ಯಯನ ಮಾಡಲಾಯಿತು. ಧೂಮಪಾನಿಗಳಲ್ಲಿ ಶೇ. 68.5 ಮಂದಿಗೆ ಜ್ವರ ಬಂದಿದ್ದರೆ, ಧೂಮಪಾನ ಮಾಡದವರಲ್ಲಿ ಶೇ. 47.2 ಮಂದಿಗೆ ಬಂದಿತ್ತು. ಜ್ವರದ ತೀವ್ರತೆಯೂ ಧೂಮಪಾನಿಗಳಲ್ಲಿಯೇ ಹೆಚ್ಚಾಗಿತ್ತು. ಅವರೆಲ್ಲರೂ ಒಂದೇ ಬಗೆಯ ಊಟ, ವಾಸ, ವಯಸ್ಸಿನ ಸದೃಢ ಯುವಕರು ಎಂಬುದರಿಂದ ಈ ಅಂಕಿಗಳಿಗೆ ತೂಕವಿದೆ.

ಕೋವಿಡ್‌ನ ಆರಂಭದಲ್ಲಿ ಮಾತ್ರ ವಿಚಿತ್ರ ಸನ್ನಿವೇಶವೊಂದು ಎದುರಾಯಿತು. ಆಸ್ಪತ್ರೆ ಸೇರಿದವರಲ್ಲಿ ಧೂಮಪಾನಿಗಳ ಸಂಖ್ಯೆ ನಿರೀಕ್ಷೆಗಿಂತ ಕಡಿಮೆ ಎಂದು ಫ್ರಾನ್ಸ್ ಮೊದಲಾದ ದೇಶಗಳ ವೈದ್ಯರು ವರದಿ ಮಾಡಿದರು. ನಿಕೋಟಿನ್ ವೈರಾಣುವನ್ನು ತಡೆಯಬಹುದೇ ಎಂಬ ಊಹೆ 2020ರ ಏಪ್ರಿಲ್‌ನಲ್ಲಿ ಹೊರಬಿದ್ದಿತು. ಜನ ನಿಕೋಟಿನ್ ಪಟ್ಟಿಗಳಿಗೆ ಮುಗಿಬಿದ್ದಾರೆಂಬ ಭಯದಿಂದ ಫ್ರಾನ್ಸ್ ಸರ್ಕಾರ ಅವುಗಳ ಮಾರಾಟಕ್ಕೆ ಮಿತಿ ಹೇರಿತು. ವಿಜ್ಞಾನದ ಹೆಸರು ಹೊತ್ತು ಬಂದ ಈ ಊಹೆಗೂ ನಮ್ಮ ಹೆಂಡದಂಗಡಿಯ ಮಾತಿಗೂ ಇದ್ದ ಅಂತರ ಒಂದೇ: ಇದನ್ನು ಪರೀಕ್ಷೆಗೆ ಒಡ್ಡಲಾಯಿತು. ಬ್ರಿಟನ್ನಿನ 4.2 ಲಕ್ಷ ಜನರ ಮಾಹಿತಿಯನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಧೂಮಪಾನಿಗಳು ಕೋವಿಡ್‌ನಿಂದ ಆಸ್ಪತ್ರೆ ಸೇರುವ ಸಂಭವ ಎಂದೂ ಸೇದದವರಿಗಿಂತ ಶೇ. 80ರಷ್ಟು ಹೆಚ್ಚಾಗಿತ್ತು, ಹೆಚ್ಚು ಸೇದುವವರಲ್ಲಿ ಸಾವಿನ ಸಂಭವವೂ ಹೆಚ್ಚಾಗಿತ್ತು. ಕೃತಕ ಉಸಿರಾಟದಲ್ಲಿದ್ದ ಕೋವಿಡ್ ರೋಗಿಗಳಿಗೆ ಫ್ರಾನ್ಸಿನಲ್ಲಿಯೇ ನಿಕೋಟಿನ್ ಪಟ್ಟಿ ಹಚ್ಚಿ ನೋಡಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂದಿತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಧೂಮಪಾನಿಗಳಿಗೆ ಸೋಂಕು ಕಡಿಮೆ ಎಂದು ಸಾರಿದ್ದ ಒಂದು ಪ್ರಬಂಧವನ್ನು, ಅದರ ಲೇಖಕರಲ್ಲಿ ಕೆಲವರು ತಂಬಾಕು ಉದ್ಯಮದೊಂದಿಗಿನ ನಂಟನ್ನು ತಿಳಿಸಿರಲಿಲ್ಲವೆಂಬ ಕಾರಣಕ್ಕೆ, 2021ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು.

ನಮ್ಮ ರಾಜ್ಯದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು ಎಂಬುದನ್ನೂ ಗಮನಿಸಬೇಕು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ. 8.8, ಜಗಿಯುವುದೇ ಮೊದಲಾದ ಹೊಗೆರಹಿತ ಬಳಕೆಯವರು ಶೇ. 16.3. ಎಲೆ ಅಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ ಇವುಗಳ ಬಳಕೆಯಲ್ಲಿ ಹೆಂಗಸರೂ ಇದ್ದಾರೆ. ಇಲ್ಲಿ ಹೊಗೆಯಿಲ್ಲ, ಆದರೆ ಕೈ ಮತ್ತೆಮತ್ತೆ ಬಾಯಿಗೆ ಹೋಗುತ್ತದೆ, ಒಬ್ಬರ ಎಲೆಯ ಚೀಲಕ್ಕೆ ನಾಲ್ವರ ಕೈ ಇಳಿಯುತ್ತದೆ, ಕಂಡಲ್ಲಿ ಉಗುಳುವ ಅಭ್ಯಾಸ ಜೊತೆಗೂಡುತ್ತದೆ. ಈ ಕಾರಣದಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ಏಪ್ರಿಲ್‌ನಲ್ಲಿ ತಂಬಾಕು ಜಗಿದು ಉಗುಳದಿರುವಂತೆ ಜನರಲ್ಲಿ ಮನವಿ ಮಾಡಿತು. ಬೀಡಿಯ ಮೋಟನ್ನು ಕೈಯಿಂದ ಕೈಗೆ ದಾಟಿಸುವುದು ನಮ್ಮಲ್ಲಿ ಗೆಳೆತನದ ಗುರುತು. ವೈರಾಣುವಿಗೆ ಅದು ಸುಲಭದ ಸಂಕವಾಯಿತು.

5. ವ್ಯಸನವೂ ಒಂದು ರೋಗ

ಇಲ್ಲಿಯವರೆಗೆ ಹೇಳಿದ್ದು ಪದಾರ್ಥಗಳ ಗುಣ. ಆದರೆ ವ್ಯಸನವೆಂಬುದು ಪದಾರ್ಥಕ್ಕಿಂತ ದೊಡ್ಡದು. ಅಮೆರಿಕದ 7.3 ಕೋಟಿ ಜನರ ಆಸ್ಪತ್ರೆ ದಾಖಲೆಗಳನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವು ತಂಬಾಕು, ಮದ್ಯ ಹಾಗೂ ಇತರ ಮಾದಕ ವಸ್ತುಗಳ ವ್ಯಸನವಿದ್ದವರನ್ನು ಪರಿಶೀಲಿಸಿತು. ಒಟ್ಟು ಜನರಲ್ಲಿ ಅವರು ಶೇ. 10.3 ಇದ್ದರೆ, ಕೋವಿಡ್ ಬಂದವರಲ್ಲಿ ಅವರ ಪಾಲು ಶೇ. 15.6 ಆಗಿತ್ತು. ಸೋಂಕಿತರ ಪೈಕಿ ವ್ಯಸನವಿದ್ದವರಲ್ಲಿ ಶೇ. 9.6 ಮಂದಿ, ಒಟ್ಟು ಸೋಂಕಿತರಲ್ಲಿ ಶೇ. 6.6 ಮಂದಿ ಸತ್ತಿದ್ದರು. ಈ ಅಂತರಕ್ಕೆ ಅವರಲ್ಲಿ ಮೊದಲೇ ಇದ್ದ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ರೋಗಗಳೂ ಕಾರಣವಾಗಿದ್ದವು. ಬಡತನ, ಇಕ್ಕಟ್ಟಿನ ವಾಸ, ‘ಕುಡುಕ’ನೆಂದು ದೂರವಿಡುವ ಸಮಾಜ, ತಡವಾಗಿ ಆಸ್ಪತ್ರೆ ಸೇರುವುದು ಇವೆಲ್ಲ ವ್ಯಸನದ ಸುತ್ತ ಹೆಣೆದುಕೊಂಡಿರುತ್ತವೆ.

ನಮ್ಮ ನಾಡಿನ ಅನುಭವವೂ ಇದನ್ನು ಬೇರೊಂದು ಬಗೆಯಲ್ಲಿ ಕಾಣಿಸಿತು. 2020ರ ಮಾರ್ಚ್ 25ರಿಂದ ದೇಶವ್ಯಾಪಿ ದಿಗ್ಬಂಧನ ಜಾರಿಯಾದಾಗ ಮದ್ಯದಂಗಡಿಗಳೂ ಮುಚ್ಚಿದವು. ಕುಡಿತಕ್ಕೆ ದೇಹವನ್ನು ಒಗ್ಗಿಸಿಕೊಂಡವರು ಒಂದೇ ದಿನದಲ್ಲಿ ನಿಲ್ಲಿಸಬೇಕಾಯಿತು. ಹಾಗೆ ಥಟ್ಟನೆ ನಿಂತಾಗ ಮೊದಲ ದಿನದೊಳಗೇ ಕೈನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತವೆ. ಕೆಲವರಿಗೆ ಎರಡು ದಿನಗಳೊಳಗೆ ಸೆಳವು, ಎರಡರಿಂದ ನಾಲ್ಕನೆಯ ದಿನದ ವೇಳೆಗೆ ಸನ್ನಿ ಹಿಡಿಯಬಹುದು. ಚಿಕಿತ್ಸೆ ದೊರೆಯದಿದ್ದರೆ ಪ್ರಾಣವೂ ಹೋಗಬಹುದು. ಬೆಂಗಳೂರಿನ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ ಅದೇ ವರ್ಷ ಪ್ರಕಟವಾದ ಅಧ್ಯಯನದಂತೆ, ಇಂಥ ತೀವ್ರ ಸ್ಥಿತಿಯಲ್ಲಿ ಬಂದವರ ದಿನದ ಸರಾಸರಿ ಸಂಖ್ಯೆ ದಿಗ್ಬಂಧನದ ನಂತರ ಇಮ್ಮಡಿಯಾಯಿತು. ಆ ವರ್ಷದ ಜುಲೈ ಕೊನೆಯಲ್ಲಿ ಆಂಧ್ರಪ್ರದೇಶದ ಕುರಿಚೇಡು ಎಂಬಲ್ಲಿ ಮದ್ಯ ಸಿಗದೆ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಕರ್ನಾಟಕದಲ್ಲಿ ಮೇ 4ರಂದು ಅಂಗಡಿಗಳು ತೆರೆದಾಗ ಬೆಳಗಿನಿಂದಲೇ ಬೆಳೆದ ಸರತಿ ಸಾಲುಗಳನ್ನು ಪತ್ರಿಕೆಗಳು ನಗೆಯ ವಸ್ತುವಾಗಿಸಿದವು. ಆ ಸಾಲಿನಲ್ಲಿ ಮೋಜಿಗೆ ನಿಂತವರಿದ್ದರು. ಕೈನಡುಕ ತಾಳಲಾರದೆ ನಿಂತವರೂ ಇದ್ದರು.

2021ರಲ್ಲಿ ಲಸಿಕೆ ಬಂದಾಗ, ಚುಚ್ಚಿಸಿಕೊಂಡರೆ ವಾರಗಟ್ಟಲೆ ಕುಡಿಯುವಂತಿಲ್ಲ, ಕುಡಿದರೆ ಸಾಯುತ್ತಾರೆ ಎಂಬ ಮಾತು ನಾನು ಓಡಾಡುವ ಹಳ್ಳಿಗಳಲ್ಲಿ ಹಬ್ಬಿತ್ತು. ಮದ್ಯದಿಂದ ಲಸಿಕೆಯ ಪರಿಣಾಮ ಕುಂದುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿತ್ತು. ಆದರೆ ಈ ಸ್ಪಷ್ಟನೆ ಹೆಂಡದಂಗಡಿಯ ಕಟ್ಟೆಯನ್ನು ಮುಟ್ಟಲಿಲ್ಲ. ಯಾರಿಗೆ ಲಸಿಕೆಯ ಅಗತ್ಯ ಹೆಚ್ಚಾಗಿತ್ತೋ ಅವರೇ ಅದರಿಂದ ದೂರ ಉಳಿದರು. ನಾನು ಮೊದಲಿಗೆ ಹೇಳಿದ ಹಾಡುಗಾರರೂ ಅವರಲ್ಲಿ ಒಬ್ಬರು.

6. ಜಾನಪದ ಅಧ್ಯಯನದ ಹೊಣೆ

ಈ ಸಂದರ್ಭದಲ್ಲಿ ನಮ್ಮ ಕ್ಷೇತ್ರಕಾರ್ಯದ ಪದ್ಧತಿಯನ್ನೇ ಒಮ್ಮೆ ನೋಡಿಕೊಳ್ಳಬೇಕಾಗಿದೆ. ವಕ್ತೃವಿನ ಬಳಿಗೆ ಬರಿಗೈಯಲ್ಲಿ ಹೋಗಬಾರದು, ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿಕಟ್ಟು ಒಯ್ಯಬೇಕು ಎಂಬ ಉಪದೇಶವನ್ನು ಹಿರಿಯರಿಂದ ನಾವೆಲ್ಲ ಪಡೆದಿದ್ದೇವೆ. ಹಾಡು ನಿಂತರೆ ‘ಸ್ವಲ್ಪ ಹಾಕಿಸಿದರೆ ಗಂಟಲು ಬಿಡುತ್ತದೆ’ ಎಂದು ಹಣ ಕೊಟ್ಟವರಲ್ಲಿ ನಾನೂ ಒಬ್ಬ. ಇರುಳು ಜಾತ್ರೆಗಳಲ್ಲಿ ಕಲಾವಿದರ ಸಂಭಾವನೆಯ ಒಂದು ಪಾಲು ಬಾಟಲಿಯ ರೂಪದಲ್ಲಿ ಸಲ್ಲುವುದು ಗುಟ್ಟಿನ ಸಂಗತಿಯಲ್ಲ. ಆ ಹಾಡುಗಳು ನಮ್ಮ ಪ್ರಬಂಧಗಳಾದವು, ಪದವಿಗಳಾದವು. ಹಾಡಿದ ಶ್ವಾಸಕೋಶದ ಗತಿಯೇನಾಯಿತೆಂದು ನಾವು ಕೇಳಲಿಲ್ಲ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು, 2013ರಲ್ಲಿ ಗುಟ್ಕಾ ನಿಷೇಧವಾಯಿತು. ಕಾನೂನು ತನ್ನ ಕೆಲಸ ಮಾಡಿದೆ. ಸಂಶೋಧಕರು ತಮ್ಮ ಪಾಲಿನದನ್ನು ಮಾಡಬೇಕಾಗಿದೆ. ವಕ್ತೃಗಳಿಗೆ ಗೌರವಧನವನ್ನು ಹಣದ ರೂಪದಲ್ಲಿ ಕೊಡುವುದು, ಅವರಿಗೆ ಆರೋಗ್ಯ ತಪಾಸಣೆ ಮತ್ತು ಲಸಿಕೆ ದೊರೆಯುವಂತೆ ನೆರವಾಗುವುದು ದೊಡ್ಡ ಕೆಲಸಗಳೇನಲ್ಲ.

ಎರಡನೆಯದಾಗಿ, ಜನರೊಡನೆ ಆರೋಗ್ಯದ ಮಾತಾಡುವಾಗ ಅವರದೇ ಪರಂಪರೆಯ ಪಥ್ಯದ ಭಾಷೆಯನ್ನು ಬಳಸಲು ಸಾಧ್ಯವಿದೆ. ‘ಮೂಢನಂಬಿಕೆ ಬಿಡಿ’ ಎಂಬ ಮಾತಿಗೆ ಮುಖ ತಿರುಗಿಸುವವರು ‘ಅಮ್ಮ ಇರುವ ಮನೆಯಲ್ಲಿ ಘಾಟು ಏಳಬಾರದು’ ಎಂಬ ಮಾತನ್ನು ಕೇಳುತ್ತಾರೆ. ಜ್ವರ ಬಂದ ಮನೆಯಲ್ಲಿ ಬೀಡಿ ಹಚ್ಚಬೇಡಿ, ಸೋಂಕಿನ ದಿನಗಳಲ್ಲಿ ಕುಡಿಯಬೇಡಿ, ಹೊರಗಿನವರನ್ನು ಸೇರಿಸಬೇಡಿ ಎಂಬ ಮೂರು ಸೂಚನೆಗಳೂ ಆ ಒಂದು ಕಟ್ಟಳೆಯಲ್ಲಿ ಅಡಕವಾಗಿವೆ. ನಮ್ಮ ಅಜ್ಜಿಯರು ವೈರಾಣುವನ್ನು ಅರಿತಿದ್ದರೆಂದು ಹೇಳುವ ಉತ್ಪ್ರೇಕ್ಷೆ ಬೇಡ. ಬೇವಿನ ಸೊಪ್ಪು ಸಿಡುಬನ್ನು ಗುಣಪಡಿಸಲಿಲ್ಲ. ಅದನ್ನು ನಿರ್ಮೂಲ ಮಾಡಿದ್ದು ಲಸಿಕೆಯೇ. ಆದರೆ ರೋಗಿಯ ಸುತ್ತ ಏನಿರಬಾರದು ಎಂಬ ಅವರ ಗಮನ ಸರಿಯಾಗಿತ್ತು.

ಆದರೂ ಪಥ್ಯದ ಕಟ್ಟಳೆಗೆ ಒಂದು ಮಿತಿಯಿದೆ. ಅದು ಬಿಡಬಲ್ಲವನಿಗೆ ಹೇಳಿದ ಮಾತು. ವ್ಯಸನಕ್ಕೆ ಸಿಲುಕಿದವನಿಗೆ ಬರಿಯ ಕಟ್ಟಳೆ ಸಾಲದು. ನಿತ್ಯ ಹೆಚ್ಚು ಕುಡಿಯುವವನು ಒಮ್ಮೆಲೇ ಬಿಡುವುದು ಅಪಾಯಕಾರಿ. ವೈದ್ಯರ ಮೇಲ್ವಿಚಾರಣೆಯಲ್ಲಿ ಔಷಧ, ಥಯಮಿನ್ ಜೀವಸತ್ವ ಮತ್ತು ಪೋಷಣೆಯೊಡನೆ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕೇಂದ್ರವಿದೆ. ತಂಬಾಕನ್ನು ಮಾತ್ರ ಯಾವ ದಿನ ಬಿಟ್ಟರೂ ಅಪಾಯವಿಲ್ಲ. ಬಿಟ್ಟ ಕೆಲವೇ ವಾರಗಳಲ್ಲಿ ಉಸಿರಾಟ ಸುಧಾರಿಸತೊಡಗುತ್ತದೆ, ರೋಮಗಳು ಮತ್ತೆ ಕೆಲಸ ಆರಂಭಿಸುತ್ತವೆ. ಅದಕ್ಕೂ ನೆರವು ಬೇಕಾದವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಿದೆ. ವಿಜ್ಞಾನದ ಫೈಲುಗಳಲ್ಲಿರುವ ಈ ಸೌಲಭ್ಯಗಳನ್ನು ಜಾತ್ರೆಯ ಮಾಳಕ್ಕೆ ಒಯ್ಯಬಲ್ಲವರು ಆ ಮಾಳದ ಭಾಷೆ ಬಲ್ಲ ನಾವು.

ಒಟ್ಟಾರೆಯಾಗಿ ಹೇಳುವುದಾದರೆ, ಕುಡಿತ ಮತ್ತು ಹೊಗೆಸೊಪ್ಪಿನ ವ್ಯಸನಗಳು ವೈರಾಣು ಸೋಂಕಿನಿಂದ ಯಾರನ್ನೂ ಕಾಯುವುದಿಲ್ಲ. ಸೋಂಕು ಹೊಕ್ಕ ಮೇಲೆ ಅದರ ಕೈಯನ್ನು ಬಲಪಡಿಸುತ್ತವೆ. ಇದನ್ನು ಒಪ್ಪಿಕೊಳ್ಳಲು ಜನಪದವನ್ನು ತಿರಸ್ಕರಿಸಬೇಕಾಗಿಲ್ಲ, ಅದರೊಳಗಿನ ಎರಡು ದನಿಗಳನ್ನು ಬೇರ್ಪಡಿಸಿ ಕೇಳಬೇಕು, ಅಷ್ಟೆ. ನನ್ನ ಬಳಿಯಿರುವ ಧ್ವನಿಸುರುಳಿಗಳಲ್ಲಿ ಆ ಹಿರಿಯರ ಹಾಡಿನ ನಡುನಡುವೆ ಕೆಮ್ಮು ಕೇಳುತ್ತದೆ. ಲಿಪ್ಯಂತರ ಮಾಡುವಾಗ ನಾನು ಅದನ್ನು ಬಿಟ್ಟು ಬರೆದಿದ್ದೆ. ಈಗ ಮತ್ತೆ ಕೇಳುವಾಗ, ಅದನ್ನೂ ದಾಖಲಿಸಬೇಕಾಗಿತ್ತು ಎನಿಸುತ್ತದೆ.